ಸತ್ಯ, ಕರುಣೆ ಮತ್ತು ಐದನೇ ತರಗತಿಯ ಒಂದು ಸಂಪಾದಕೀಯ

‘ದಿ ಲ್ಯಾಂಡ್ರಿ ನ್ಯೂಸ್’ ಅಮೆರಿಕದ ಲೇಖಕ ಆಂಡ್ರ್ಯೂ ಕ್ಲೆಮೆಂಟ್ಸ್ ಬರೆದ ಮಕ್ಕಳ ಕಾದಂಬರಿ. ಮೊದಲು ಪ್ರಕಟವಾದದ್ದು 1999ರಲ್ಲಿ. ಐದನೇ ತರಗತಿಯ ಹುಡುಗಿಯೊಬ್ಬಳು ತಾನೇ ತಯಾರಿಸಿದ ಪತ್ರಿಕೆಯಲ್ಲಿ, ತನ್ನ ಮೇಷ್ಟರು ಪಾಠ ಮಾಡುವುದಿಲ್ಲ ಎಂದು ಬರೆಯುತ್ತಾಳೆ. ಅವಳು ಬರೆದದ್ದು ನಿಜ. ಆ ನಿಜದಿಂದ ಒಬ್ಬ ಮನುಷ್ಯನಿಗೆ ನೋವಾದದ್ದೂ ನಿಜ. ನಿಜ ಹೇಳುವುದು ಸರಿಯಾದರೆ ನೋಯಿಸುವುದೂ ಸರಿಯೇ? ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗೂ ಇದೆಯೇ? ಆ ಹಕ್ಕಿಗೆ ಶಾಲೆ ಎಲ್ಲಿ ಗೆರೆ ಎಳೆಯಬಹುದು? ಈ ಮೂರು ಪ್ರಶ್ನೆಗಳನ್ನು ಹತ್ತು ವರ್ಷದ ಓದುಗರಿಗೂ ಅರ್ಥವಾಗುವಂತೆ, ಯಾವುದನ್ನೂ ಹಗುರ ಮಾಡದೆ ಕೇಳಿರುವುದು ಈ ಪುಸ್ತಕದ ಹಿರಿಮೆ.

ಇಂಗ್ಲಿಷ್ ಪುಸ್ತಕಲೋಕದಲ್ಲಿ ಇಂಥ ಕೃತಿಗಳನ್ನು ‘ಮಿಡ್ಲ್ ಗ್ರೇಡ್’ ಎಂದು ವರ್ಗೀಕರಿಸುತ್ತಾರೆ. ಸುಮಾರು ಎಂಟರಿಂದ ಹನ್ನೆರಡು ವರ್ಷದವರಿಗಾಗಿ ಬರೆದವು ಇವು. ಚಿತ್ರಪುಸ್ತಕಗಳ ವಯಸ್ಸು ದಾಟಿ, ಹದಿಹರೆಯದ ಕಾದಂಬರಿಗಳಿಗೆ ಇನ್ನೂ ಕಾಲಿಡದ ಓದುಗರು ಇವರು. ಈ ವಯಸ್ಸಿನ ಮಕ್ಕಳ ಲೋಕ ಮನೆ ಮತ್ತು ಶಾಲೆಯ ನಡುವೆ ಹರಡಿಕೊಂಡಿರುತ್ತದೆ. ನ್ಯಾಯ, ಅಧಿಕಾರ, ಗೆಳೆತನ, ಮೋಸ ಇವೆಲ್ಲದರ ಮೊದಲ ಪರಿಚಯ ಅವರಿಗೆ ಆಗುವುದು ತರಗತಿಯಲ್ಲೇ. ಆದ್ದರಿಂದ ಈ ವರ್ಗದ ಕಾದಂಬರಿಗಳಲ್ಲಿ ಶಾಲೆ ಒಂದು ಪುಟ್ಟ ಸಮಾಜದಂತೆ ನಿಲ್ಲುತ್ತದೆ. ಅಲ್ಲಿ ಕಾನೂನು ಮಾಡುವವರಿದ್ದಾರೆ, ಪಾಲಿಸುವವರಿದ್ದಾರೆ, ಪ್ರಶ್ನಿಸುವವರೂ ಇದ್ದಾರೆ.

ಕ್ಲೆಮೆಂಟ್ಸ್‌ಗೆ ಶಾಲೆಯ ಒಳಹೊರಗು ಚೆನ್ನಾಗಿ ಗೊತ್ತಿತ್ತು. 1949ರಲ್ಲಿ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್‌ನಲ್ಲಿ ಹುಟ್ಟಿದ ಅವರು ಶಿಕಾಗೊ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಏಳು ವರ್ಷ ಶಿಕ್ಷಕರಾಗಿದ್ದರು. ಪೆನ್ನಿಗೆ ಹೊಸ ಹೆಸರಿಟ್ಟು ಶಾಲೆಯನ್ನೇ ಅಲ್ಲಾಡಿಸುವ ಹುಡುಗನ ಕಥೆ ‘ಫ್ರಿಂಡ್ಲ್’ 1996ರಲ್ಲಿ ಹೊರಬಂದು ಅವರಿಗೆ ದೊಡ್ಡ ಹೆಸರು ತಂದಿತು. ಬಳಿಕ ‘ದಿ ಸ್ಕೂಲ್ ಸ್ಟೋರಿ’, ‘ದಿ ರಿಪೋರ್ಟ್ ಕಾರ್ಡ್’, ‘ನೋ ಟಾಕಿಂಗ್’ ಮೊದಲಾದ ಶಾಲಾ ಕಾದಂಬರಿಗಳನ್ನು ಬರೆದರು. 2019ರಲ್ಲಿ ತೀರಿಕೊಂಡರು. ಅವರ ಈ ಶಾಲಾ ಕಥೆಗಳಲ್ಲಿ ಮಾಟ, ಮಂತ್ರ, ಮಾಯಾಲೋಕ ಇರುವುದಿಲ್ಲ. ಯಾವ ಶಾಲೆಯಲ್ಲಾದರೂ ನಡೆಯಬಹುದಾದ ಸಣ್ಣ ಸಂಗತಿಯೊಂದು ದೊಡ್ಡ ಪ್ರಶ್ನೆಯಾಗಿ ಬೆಳೆಯುವುದೇ ಅವುಗಳ ನಡೆ.

ಪಾಠವಿಲ್ಲದ ತರಗತಿ

ಕಾರಾ ಲ್ಯಾಂಡ್ರಿ ಇಲಿನಾಯ್ ರಾಜ್ಯದ ಡೆಂಟನ್ ಪ್ರಾಥಮಿಕ ಶಾಲೆಗೆ ಹೊಸಬಳು. ಮಾತು ಕಡಿಮೆ, ಕಣ್ಣು ಚುರುಕು. ಅಪ್ಪ ಅಮ್ಮ ಬೇರೆಯಾಗಿ, ಅಪ್ಪ ಮನೆ ಬಿಟ್ಟು ಹೋಗಿದ್ದಾನೆ. ಅವಳು ಸೇರಿದ ತರಗತಿಯ ಶಿಕ್ಷಕರು ಲಾರ್ಸನ್ ಮೇಷ್ಟರು. ಬೆಳಗ್ಗೆ ಬಂದು ಕುರ್ಚಿಯಲ್ಲಿ ಕುಳಿತರೆ ಅವರ ಮುಂದೆ ಒಂದು ಕಾಫಿ ಲೋಟ, ಕೈಯಲ್ಲಿ ಒಂದು ದಿನಪತ್ರಿಕೆ. ಮಕ್ಕಳು ತಮಗೆ ತೋಚಿದ್ದನ್ನು ಮಾಡುತ್ತಾರೆ. ಕಲಿಯುವ ಮನಸ್ಸಿದ್ದವರು ತಾವೇ ಕಲಿಯುತ್ತಾರೆ, ಉಳಿದವರು ಗಲಾಟೆ ಮಾಡುತ್ತಾರೆ. ಮೇಷ್ಟರು ಇದನ್ನು ‘ಮುಕ್ತ ತರಗತಿ’ ಎಂದು ಕರೆದುಕೊಂಡು ಸಮಾಧಾನ ಮಾಡಿಕೊಂಡಿದ್ದಾರೆ.

ಮುಕ್ತ ತರಗತಿ ಎಂಬುದು ಲೇಖಕರು ಹುಟ್ಟುಹಾಕಿದ ಕಲ್ಪನೆಯಲ್ಲ. 1960ರ ದಶಕದ ಕೊನೆ ಮತ್ತು 1970ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಆ ಹೆಸರಿನ ಚಳವಳಿಯೇ ನಡೆದಿತ್ತು. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಿಂದ ಪ್ರೇರಣೆ ಪಡೆದ ಆ ಪದ್ಧತಿಯಲ್ಲಿ ಮಗು ತನ್ನ ಆಸಕ್ತಿಯ ಜಾಡು ಹಿಡಿದು ಕಲಿಯಬೇಕು, ಶಿಕ್ಷಕರು ಪಕ್ಕದಲ್ಲಿದ್ದು ದಾರಿ ತೋರಬೇಕು. ದಾರಿ ತೋರುವ ಕೆಲಸ ಎದುರು ನಿಂತು ಪಾಠ ಹೇಳುವುದಕ್ಕಿಂತ ಹೆಚ್ಚು ಶ್ರಮದ್ದು. ಲಾರ್ಸನ್ ಆ ಶ್ರಮವನ್ನು ಕೈಬಿಟ್ಟು ಹೆಸರನ್ನಷ್ಟೇ ಉಳಿಸಿಕೊಂಡಿದ್ದಾರೆ. ಒಂದು ಕಾಲಕ್ಕೆ ಅವರೂ ಮೆಚ್ಚುಗೆ ಪಡೆದ ಶಿಕ್ಷಕರೇ. ಈಗ ತಮ್ಮ ಮಕ್ಕಳನ್ನು ಆ ತರಗತಿಗೆ ಹಾಕಬೇಡಿ ಎಂದು ಪಾಲಕರು ಮುಖ್ಯೋಪಾಧ್ಯಾಯರಿಗೆ ಕಾಗದ ಬರೆಯುತ್ತಾರೆ.

ಈ ತರಗತಿಯ ಮೂಲೆಯಲ್ಲಿ ಕುಳಿತು ಕಾರಾ ‘ದಿ ಲ್ಯಾಂಡ್ರಿ ನ್ಯೂಸ್’ನ ಮೊದಲ ಸಂಚಿಕೆ ಸಿದ್ಧಪಡಿಸುತ್ತಾಳೆ. ನಮ್ಮ ಶಾಲೆಗಳ ಗೋಡೆ ಪತ್ರಿಕೆಯ ಹಾಗೆ ಒಂದೇ ಪ್ರತಿ. ಅಂಕಣಗಳು ಅಚ್ಚುಕಟ್ಟು, ಸುದ್ದಿಗಳು ಚುಟುಕು, ಜತೆಗೊಂದು ಸಂಪಾದಕೀಯ. ತರಗತಿಯಲ್ಲಿ ಒಬ್ಬ ಶಿಕ್ಷಕರಿದ್ದಾರೆ, ಆದರೆ ಅವರು ಕಲಿಸುವುದಿಲ್ಲ. ಮಕ್ಕಳು ತಮಗೆ ತಾವೇ ಕಲಿಸಿಕೊಳ್ಳುತ್ತಿದ್ದಾರೆ. ಹಾಗಿದ್ದರೆ ಸಂಬಳ ಯಾರಿಗೆ ಸಲ್ಲಬೇಕು ಎಂಬುದು ಅದರ ತಿರುಳು. ಓದಿದ ಲಾರ್ಸನ್ ಮೇಷ್ಟರು ಸಿಟ್ಟಿನಿಂದ ಹಾಳೆಯನ್ನು ಹರಿದು ಹಾಕುತ್ತಾರೆ.

ಸುದ್ದಿ ಬೇರೆ, ಅಭಿಪ್ರಾಯ ಬೇರೆ

ಕಾರಾಳ ಬರಹವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬಗೆಯ ಮಾತುಗಳಿವೆ. ಮೇಷ್ಟರು ತರಗತಿಯಲ್ಲಿ ಪತ್ರಿಕೆ ಓದುತ್ತಾರೆ, ಪಾಠ ಮಾಡುವುದಿಲ್ಲ ಎನ್ನುವುದು ಸಂಗತಿ. ಯಾರು ಬೇಕಾದರೂ ತರಗತಿಗೆ ಬಂದು ನೋಡಿ ಹೌದೋ ಅಲ್ಲವೋ ಹೇಳಬಹುದು. ಸಂಬಳ ಅವರಿಗೆ ಸಲ್ಲಬಾರದು ಎನ್ನುವುದು ಅಭಿಪ್ರಾಯ. ಅದನ್ನು ಒಪ್ಪಬಹುದು, ಬಿಡಬಹುದು, ವಾದಿಸಬಹುದು. ಪತ್ರಿಕೆಗಳು ಸಂಪಾದಕೀಯಕ್ಕೆ ಬೇರೆಯೇ ಜಾಗ ಕೊಟ್ಟು, ಅದಕ್ಕೆ ಹಾಗೆಂದು ಹೆಸರಿಟ್ಟು ಅಚ್ಚು ಹಾಕುವುದು ಈ ಕಾರಣಕ್ಕೇ. ಇದು ನಡೆದದ್ದು, ಇದು ನಮಗನಿಸಿದ್ದು ಎಂಬ ಗೆರೆ ಓದುಗರಿಗೆ ಕಾಣಬೇಕು.

ಕಾರಾ ಆ ಗೆರೆಯನ್ನು ಬಲ್ಲಳು. ತನ್ನ ಟೀಕೆಯನ್ನು ಸುದ್ದಿಯ ನಡುವೆ ಬಚ್ಚಿಡದೆ ಸಂಪಾದಕೀಯ ಎಂದು ಹೆಸರಿಟ್ಟೇ ಬರೆದಳು. ಆದರೆ ಒಂದು ಕೆಲಸವನ್ನು ಅವಳು ಮಾಡಲಿಲ್ಲ. ಯಾರ ಬಗ್ಗೆ ಬರೆದಳೋ ಅವರನ್ನು ಒಂದು ಮಾತು ಕೇಳಲಿಲ್ಲ. ಮೇಷ್ಟರು ಯಾಕೆ ಹೀಗಾದರು, ಮೊದಲು ಹೇಗಿದ್ದರು ಎಂಬುದು ಅವಳ ಬರಹದಲ್ಲಿಲ್ಲ. ಆರೋಪ ಹೊತ್ತವರ ಮಾತಿಗೂ ಜಾಗ ಕೊಡಬೇಕೆಂಬುದು ಪತ್ರಿಕಾವೃತ್ತಿಯ ಮೂಲ ಪಾಠಗಳಲ್ಲೊಂದು. ಮೊದಲ ಸಂಚಿಕೆಯ ಪ್ರತಿ ಮಾತೂ ಸರಿಯಿದ್ದರೂ ಚಿತ್ರ ಪೂರ್ತಿಯಾಗಿರಲಿಲ್ಲ. ಹತ್ತು ವರ್ಷದ ಪತ್ರಕರ್ತೆ ಮುಂದಿನ ಸಂಚಿಕೆಗಳಲ್ಲಿ ಕಲಿಯುವುದು ಇದನ್ನೇ.

ಸತ್ಯದ ಜತೆಗೆ ಕರುಣೆ

ಕಾದಂಬರಿಯ ಹೃದಯ ಇರುವುದು ಕಾರಾ ಮತ್ತು ಅವಳ ಅಮ್ಮನ ನಡುವಿನ ಮಾತುಕತೆಯಲ್ಲಿ. ಹಿಂದಿನ ಶಾಲೆಯಲ್ಲೂ ಕಾರಾ ಪತ್ರಿಕೆ ನಡೆಸಿದ್ದಳು. ಅಪ್ಪ ಬಿಟ್ಟು ಹೋದ ಸಿಟ್ಟೆಲ್ಲ ಆಗ ಅಕ್ಷರವಾಗಿ ಹರಿದಿತ್ತು. ಸುತ್ತಲಿನವರ ತಪ್ಪುಗಳನ್ನು ಹುಡುಕಿ ಹುಡುಕಿ ಬರೆದಿದ್ದಳು. ಅದೇ ಕಥೆ ಮತ್ತೆ ಶುರುವಾಯಿತೇ ಎಂಬುದು ಅಮ್ಮನ ಆತಂಕ. ನಾನು ಬರೆದದ್ದೆಲ್ಲ ನಿಜ ಎಂಬುದು ಮಗಳ ವಾದ. ಅಮ್ಮ ಆ ವಾದವನ್ನು ತಳ್ಳಿಹಾಕುವುದಿಲ್ಲ, ಬರೆಯಬೇಡವೆಂದೂ ಹೇಳುವುದಿಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ ಸತ್ಯವೂ ಕರುಣೆಯೂ ಒಟ್ಟಿಗೆ ಬರುವುದನ್ನು ಆಧಾರವಾಗಿಟ್ಟುಕೊಂಡು, ಸತ್ಯ ಹೇಳು, ಅದರಲ್ಲಿ ಕರುಣೆಯೂ ಇರಲಿ ಎಂದು ತಿಳಿಹೇಳುತ್ತಾಳೆ. ಮುಂದೆ ಅವೆರಡೇ ಪದಗಳು ಪತ್ರಿಕೆಯ ಧ್ಯೇಯವಾಗುತ್ತವೆ.

ಕರುಣೆ ಎಂದರೆ ಇಲ್ಲಿ ಸತ್ಯವನ್ನು ಮೆತ್ತಗೆ ಮಾಡುವುದಲ್ಲ, ಅರ್ಧ ಮುಚ್ಚಿಡುವುದೂ ಅಲ್ಲ. ಬರೆಯುವ ಉದ್ದೇಶವನ್ನು ತನ್ನೊಳಗೇ ಪರೀಕ್ಷಿಸಿಕೊಳ್ಳುವುದು. ಎದುರಿಗಿರುವವರು ಸರಿಯಾಗಲಿ ಎಂದು ಬರೆಯುತ್ತಿದ್ದೇನೆಯೇ, ಅವರು ಕುಗ್ಗಲಿ ಎಂದು ಬರೆಯುತ್ತಿದ್ದೇನೆಯೇ? ಎರಡು ಬರಹಗಳಲ್ಲೂ ಸಂಗತಿಗಳು ಒಂದೇ ಇರಬಹುದು. ಯಾವ ಸಂಗತಿಯನ್ನು ಆರಿಸಿಕೊಂಡೆವು, ಯಾವ ಪದ ಬಳಸಿದೆವು, ಏನನ್ನು ಬಿಟ್ಟೆವು ಎಂಬಲ್ಲಿ ಉದ್ದೇಶ ಬಯಲಾಗುತ್ತದೆ. ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಸುಳ್ಳು ಹೇಳಬಾರದು ಎಂಬಲ್ಲಿಗೆ ನಿಲ್ಲುತ್ತವೆ. ನಿಜ ಹೇಳುವುದನ್ನೂ ಕಲಿಯಬೇಕು, ಅದಕ್ಕೂ ಹದ ಬೇಕು ಎಂಬಲ್ಲಿಂದ ಈ ಕಾದಂಬರಿ ಮುಂದುವರಿಯುತ್ತದೆ.

ಟೀಕೆಯನ್ನು ಪಾಠವಾಗಿಸಿದ ಮೇಷ್ಟರು

ಕ್ಲೆಮೆಂಟ್ಸ್ ಕಥೆಯನ್ನು ಮಕ್ಕಳ ಕಣ್ಣಿನಿಂದ ಮಾತ್ರ ಹೇಳುವುದಿಲ್ಲ, ಲಾರ್ಸನ್ ಅವರ ಮನಸ್ಸಿನೊಳಗೂ ಓದುಗರನ್ನು ಕರೆದೊಯ್ಯುತ್ತಾರೆ. ಮನೆಗೆ ಹೋದ ಮೇಷ್ಟರು ಮೊದಲು ಸಿಡಿಮಿಡಿಗೊಳ್ಳುತ್ತಾರೆ, ತಮ್ಮನ್ನು ತಾವು ಸಮರ್ಥಿಸಿಕೊಳ್ಳುತ್ತಾರೆ. ಸಿಟ್ಟು ಇಳಿದ ಮೇಲೆ, ಆ ಹುಡುಗಿ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಮಕ್ಕಳ ಕಾದಂಬರಿಯಲ್ಲಿ ದೊಡ್ಡವರೊಬ್ಬರ ಆತ್ಮಪರೀಕ್ಷೆಗೆ ಇಷ್ಟು ಜಾಗ ಸಿಗುವುದು ಅಪರೂಪ. ತರಗತಿಯಲ್ಲಿ ತಮ್ಮನ್ನು ಗದರುವ ವ್ಯಕ್ತಿಗೂ ಒಂದು ಒಳಬದುಕು ಇದೆಯೆಂದು ಎಳೆಯ ಓದುಗರು ಇಲ್ಲಿ ಅರಿಯುತ್ತಾರೆ. ಕಾರಾಳ ಸಂಪಾದಕೀಯ ಕೊಡಲಾರದೆ ಹೋದ ಇನ್ನೊಂದು ಬದಿಯನ್ನು ಕಾದಂಬರಿಯೇ ಕೊಡುತ್ತದೆ.

ಮರಳಿ ಬಂದ ಲಾರ್ಸನ್ ಕಾರಾಳಿಗೆ ಶಿಕ್ಷೆ ಕೊಡುವುದಿಲ್ಲ, ಪತ್ರಿಕೆಯನ್ನೇ ಪಾಠವಾಗಿ ಎತ್ತಿಕೊಳ್ಳುತ್ತಾರೆ. ಸುದ್ದಿ ಎಂದರೇನು, ಸಂಪಾದಕೀಯ ಎಂದರೇನು, ಎರಡಕ್ಕೂ ಇರುವ ವ್ಯತ್ಯಾಸವೇನು ಎಂಬ ಚರ್ಚೆ ತರಗತಿಯಲ್ಲಿ ಆರಂಭವಾಗುತ್ತದೆ. ಇಷ್ಟು ವರ್ಷ ಅವರು ಕುಳಿತು ಓದುತ್ತಿದ್ದ ದಿನಪತ್ರಿಕೆಗಳ ರಾಶಿ ಈಗ ಮಕ್ಕಳ ಪಠ್ಯವಾಗುತ್ತದೆ. ಒಬ್ಬಳ ಪತ್ರಿಕೆ ಇಡೀ ತರಗತಿಯ ಪತ್ರಿಕೆಯಾಗುತ್ತದೆ. ಜೋಯಿ ಡೆಲೂಕಾ ಎಂಬ ಸಹಪಾಠಿ ಕಂಪ್ಯೂಟರ್ ಕೆಲಸಕ್ಕೆ ಹೆಗಲು ಕೊಡುತ್ತಾನೆ. ಒಂದು ಪ್ರತಿಯ ಹಾಳೆ ಶಾಲೆಯ ತುಂಬ ಓಡಾಡುವಷ್ಟು ಪ್ರತಿಗಳಾಗುತ್ತದೆ. ಪ್ರಾಮಾಣಿಕವಾದ ಟೀಕೆಯಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಟೀಕೆಗೆ ಗುರಿಯಾದವರಿಗೇ. ಕಲಿಸುವ ಆಸೆ ಅವರಿಗೆ ಮತ್ತೆ ಸಿಕ್ಕಿತು.

ಮುಖ್ಯೋಪಾಧ್ಯಾಯರ ಆಕ್ಷೇಪ

ಕಥೆಯ ಎರಡನೇ ಭಾಗದಲ್ಲಿ ಪ್ರಶ್ನೆ ತರಗತಿಯಿಂದ ಕಚೇರಿಗೆ ಹೋಗುತ್ತದೆ. ಲಾರ್ಸನ್ ಅವರನ್ನು ಕೆಲಸದಿಂದ ಕಳಿಸಲು ಬಹುಕಾಲದಿಂದ ಕಾರಣ ಹುಡುಕುತ್ತಿದ್ದ ಮುಖ್ಯೋಪಾಧ್ಯಾಯ ಡಾ. ಬಾರ್ನ್ಸ್‌ಗೆ ಒಂದು ಸಂಚಿಕೆ ಆಯುಧದಂತೆ ಒದಗುತ್ತದೆ. ಹೆಸರು ಹೇಳದ ಹುಡುಗನೊಬ್ಬ ತನ್ನ ತಂದೆತಾಯಿಯ ವಿಚ್ಛೇದನದ ಅನುಭವವನ್ನು ಅದರಲ್ಲಿ ಬರೆದಿದ್ದಾನೆ. ಇದು ಶಾಲೆಯ ಪತ್ರಿಕೆಗೆ ತಕ್ಕ ವಿಷಯವಲ್ಲ, ಇದನ್ನು ಹಂಚಲು ಬಿಟ್ಟ ಶಿಕ್ಷಕರು ತಪ್ಪಿತಸ್ಥರು ಎಂಬುದು ಬಾರ್ನ್ಸ್ ವಾದ. ಶಿಸ್ತುಕ್ರಮದ ವಿಚಾರಣೆ ನಿಗದಿಯಾಗುತ್ತದೆ. ಲಾರ್ಸನ್ ಆ ದಿನಗಳಲ್ಲೂ ಪಾಠ ನಿಲ್ಲಿಸುವುದಿಲ್ಲ. ವಾಕ್ ಮತ್ತು ಪತ್ರಿಕಾ ಸ್ವಾತಂತ್ರ್ಯಕ್ಕೆ ರಕ್ಷಣೆ ಕೊಡುವ, 1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯನ್ನು ಮಕ್ಕಳಿಗೆ ಕಲಿಸುತ್ತಾರೆ. ತಮ್ಮದೇ ಪ್ರಕರಣ ಆ ಪಾಠದ ಉದಾಹರಣೆಯಾಗುತ್ತದೆ. ವಿಚಾರಣೆಯ ದಿನ ಆ ಬರಹವನ್ನು ಎಲ್ಲರೆದುರು ಗಟ್ಟಿಯಾಗಿ ಓದಲಾಗುತ್ತದೆ. ಕೇಳಿದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಯಾರಿಗೂ ಸಾಧ್ಯವಾಗುವುದಿಲ್ಲ. ಲಾರ್ಸನ್ ನಿರ್ದೋಷಿಯಾಗಿ ಹೊರಬರುತ್ತಾರೆ.

ಈ ಕಲ್ಪಿತ ವಿಚಾರಣೆಯ ಹಿಂದೆ ನಿಜವಾದ ಕಾನೂನಿನ ಇತಿಹಾಸವಿದೆ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆಮಾಯ್ನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಶಾಲೆ ಅವರನ್ನು ಮನೆಗೆ ಕಳಿಸಿತು. ಅವರಲ್ಲೊಬ್ಬಳಾದ ಮೇರಿ ಬೆತ್ ಟಿಂಕರ್‌ಗೆ ಆಗ ಹದಿಮೂರು ವರ್ಷ. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ವಿದ್ಯಾರ್ಥಿಗಳ ಪರ ತೀರ್ಪು ಕೊಟ್ಟಿತು. ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾಗದಿದ್ದರೆ, ಇತರರ ಹಕ್ಕಿಗೆ ಧಕ್ಕೆಯಾಗದಿದ್ದರೆ ವಿದ್ಯಾರ್ಥಿಗಳ ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ ಎಂಬುದು ಅದರ ಸಾರ.

ಎರಡನೆಯ ಪ್ರಕರಣ ಕಾದಂಬರಿಗೆ ಇನ್ನೂ ಹತ್ತಿರದ್ದು. ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನ ಪತ್ರಿಕೋದ್ಯಮ ತರಗತಿ ‘ಸ್ಪೆಕ್ಟ್ರಂ’ ಎಂಬ ಪತ್ರಿಕೆ ನಡೆಸುತ್ತಿತ್ತು. 1983ರ ಮೇ ತಿಂಗಳಲ್ಲಿ ಅಚ್ಚಿಗೆ ಸಿದ್ಧವಾಗಿದ್ದ ಸಂಚಿಕೆಯಿಂದ ಮುಖ್ಯೋಪಾಧ್ಯಾಯರು ಎರಡು ಪುಟಗಳನ್ನು ತೆಗೆಸಿದರು. ವಿದ್ಯಾರ್ಥಿನಿಯರ ಗರ್ಭಧಾರಣೆಯ ಕುರಿತ ಲೇಖನ ಒಂದು, ತಂದೆತಾಯಿಯ ವಿಚ್ಛೇದನದ ಕುರಿತ ಲೇಖನ ಇನ್ನೊಂದು. ಅವರ ಆಕ್ಷೇಪ ಇವೆರಡರ ಬಗ್ಗೆ. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1988ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಶಾಲೆಯ ಪರ ತೀರ್ಪಿತ್ತಿತು. ಶಾಲೆಯೇ ನಡೆಸುವ ಪತ್ರಿಕೆಯ ಮೇಲೆ, ಶಿಕ್ಷಣಕ್ಕೆ ಸಂಬಂಧಿಸಿದ ಸಮಂಜಸ ಕಾರಣವಿದ್ದರೆ, ಶಾಲೆಗೆ ಹತೋಟಿ ಇಟ್ಟುಕೊಳ್ಳುವ ಅಧಿಕಾರವಿದೆ ಎಂದಿತು.

ಹೇಜಲ್‌ವುಡ್‌ನ ವಿಚ್ಛೇದನ ಲೇಖನದಲ್ಲಿ ಮಗಳೊಬ್ಬಳು ತಂದೆಯನ್ನು ದೂರಿದ್ದಳು, ತಂದೆಯ ಮಾತನ್ನು ಕೇಳಿರಲಿಲ್ಲ. ಮುಖ್ಯೋಪಾಧ್ಯಾಯರು ಕೊಟ್ಟ ಕಾರಣಗಳಲ್ಲಿ ಅದೂ ಒಂದು. ಕಾದಂಬರಿಯ ಹುಡುಗ ತನ್ನ ಹೆಸರನ್ನೂ ಹೇಳದೆ, ತನಗಾದ ಅನುಭವವನ್ನಷ್ಟೇ ಬರೆಯುತ್ತಾನೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದು ಅವನ ಉದ್ದೇಶವಲ್ಲ. ಎರಡೂ ಕಡೆ ವಿಷಯ ಒಂದೇ, ಬರೆದ ಬಗೆ ಬೇರೆ. ಹೀಗಾಗಿ ಸತ್ಯದ ಜತೆ ಕರುಣೆ ಎಂಬ ಧ್ಯೇಯ ವಿಚಾರಣೆಯ ದಿನ ಪತ್ರಿಕೆಗೆ ರಕ್ಷಾಕವಚವಾಗುತ್ತದೆ. ಹೇಜಲ್‌ವುಡ್ ತೀರ್ಪಿನ ನಂತರ ಅಮೆರಿಕದ ಹಲವು ರಾಜ್ಯಗಳು ವಿದ್ಯಾರ್ಥಿ ಪತ್ರಕರ್ತರಿಗೆ ಹೆಚ್ಚಿನ ರಕ್ಷಣೆ ಕೊಡುವ ಕಾನೂನು ತಂದವು. ಕಾದಂಬರಿ ನಡೆಯುವ ಇಲಿನಾಯ್ ರಾಜ್ಯವೂ 2016ರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಅಂಥ ಕಾನೂನು ಮಾಡಿತು.

ಇದೇ ಪ್ರಶ್ನೆ, ಬೇರೆ ಉತ್ತರಗಳು

ಪ್ರಾಮಾಣಿಕತೆ ಮತ್ತು ಶಾಲೆಯನ್ನು ಒಟ್ಟಿಗೆ ಎತ್ತಿಕೊಂಡ ಇನ್ನೆರಡು ಅಮೆರಿಕನ್ ಕಾದಂಬರಿಗಳನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಲೂಯಿಸ್ ಫಿಟ್ಜ್‌ಹ್ಯೂ ಅವರ ‘ಹ್ಯಾರಿಯೆಟ್ ದಿ ಸ್ಪೈ’ 1964ರದು. ನ್ಯೂಯಾರ್ಕಿನ ಹನ್ನೊಂದು ವರ್ಷದ ಹ್ಯಾರಿಯೆಟ್ ಕಂಡದ್ದನ್ನೂ ಅನಿಸಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಗೆಳೆಯರ ಬಗ್ಗೆಯೂ ಮುಲಾಜಿಲ್ಲದ ಮಾತುಗಳು ಅದರಲ್ಲಿವೆ. ಪುಸ್ತಕ ಸಹಪಾಠಿಗಳ ಕೈಗೆ ಸಿಕ್ಕಿ ಎಲ್ಲರೂ ಅವಳಿಗೆ ಬೆನ್ನು ತಿರುಗಿಸುತ್ತಾರೆ. ಅವಳನ್ನು ಸಾಕಿ ಬೆಳೆಸಿದ ಆಯಾ ಪತ್ರ ಬರೆದು ಕೊಡುವ ಸಲಹೆ ಓದುಗರನ್ನು ಇಂದಿಗೂ ಚಕಿತಗೊಳಿಸುತ್ತದೆ: ಕ್ಷಮೆ ಕೇಳು, ಬೇಕಾದರೆ ಒಂದು ಸುಳ್ಳನ್ನೂ ಹೇಳು, ನಿನ್ನೊಳಗೆ ಮಾತ್ರ ನಿಜವನ್ನು ಬಿಡಬೇಡ. ಹ್ಯಾರಿಯೆಟ್ ಶಾಲಾ ಪತ್ರಿಕೆಯಲ್ಲೇ ತನ್ನ ಮಾತು ಹಿಂತೆಗೆದುಕೊಳ್ಳುತ್ತಾಳೆ. ತನಗಾಗಿ ಬರೆದುಕೊಳ್ಳುವ ನಿಜಕ್ಕೂ ಲೋಕದೆದುರು ಆಡುವ ನಿಜಕ್ಕೂ ಬೇರೆ ಬೇರೆ ನಿಯಮಗಳಿವೆ ಎಂಬುದು ಫಿಟ್ಜ್‌ಹ್ಯೂ ಅವರ ಕಾಣ್ಕೆ.

ಆವಿ ಎಂಬ ಹೆಸರಿನಲ್ಲಿ ಬರೆಯುವ ಲೇಖಕರ ‘ನಥಿಂಗ್ ಬಟ್ ದಿ ಟ್ರೂತ್’ 1991ರದು, ಸ್ವಲ್ಪ ದೊಡ್ಡ ಮಕ್ಕಳಿಗಾಗಿ ಬರೆದದ್ದು. ಮೆಮೊ, ಪತ್ರ, ಸಂಭಾಷಣೆ, ದಿನಚರಿಗಳ ರೂಪದಲ್ಲಿ ಅದರ ಕಥೆ ಸಾಗುತ್ತದೆ. ಫಿಲಿಪ್ ಎಂಬ ಹುಡುಗ ಶಾಲೆಯಲ್ಲಿ ರಾಷ್ಟ್ರಗೀತೆ ಕೇಳಿಬರುವಾಗ ಬೇಕೆಂದೇ ಗುನುಗಿ ಶಿಕ್ಷಕಿಯನ್ನು ಕೆಣಕುತ್ತಾನೆ, ಶಿಕ್ಷೆಗೆ ಒಳಗಾಗುತ್ತಾನೆ. ದೇಶಭಕ್ತ ಹುಡುಗನಿಗೆ ಶಿಕ್ಷೆ ಎಂಬಂತೆ ಸುದ್ದಿ ದೇಶದ ತುಂಬ ಹರಡುತ್ತದೆ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದಷ್ಟನ್ನೇ ಹೇಳುತ್ತಾರೆ, ಒಟ್ಟು ಮೊತ್ತ ಮಾತ್ರ ಸುಳ್ಳಾಗುತ್ತದೆ. ನಿಷ್ಠಾವಂತ ಶಿಕ್ಷಕಿ ಅದರ ಬೆಲೆ ತೆರುತ್ತಾರೆ. ಪೂರ್ತಿಯಾಗಿ ಕೇಳದೆ ಕಟ್ಟಿದ ಅಭಿಪ್ರಾಯ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಈ ಕಾದಂಬರಿ ಕಠಿಣ ನಿದರ್ಶನ. ಲಾರ್ಸನ್ ಮೇಷ್ಟರಿಗೆ ದೊರೆತ ಎರಡನೇ ಅವಕಾಶ ಆ ಶಿಕ್ಷಕಿಗೆ ದೊರೆಯುವುದಿಲ್ಲ.

ಮೂರನ್ನೂ ಓದಿದವರಿಗೆ ಕ್ಲೆಮೆಂಟ್ಸ್ ಅವರ ನಿಲುವು ಸ್ಪಷ್ಟವಾಗಿ ಕಾಣುತ್ತದೆ. ಅವರು ಮೂವರಲ್ಲಿ ಹೆಚ್ಚು ಆಶಾವಾದಿ. ಅವರ ಕಥೆಯಲ್ಲಿ ಟೀಕಿಸಿದವಳೂ ಟೀಕೆಗೆ ಒಳಗಾದವರೂ ಮಾತಾಡಿಕೊಳ್ಳುತ್ತಾರೆ, ಇಬ್ಬರೂ ಬದಲಾಗುತ್ತಾರೆ. ನಿಜಜೀವನದಲ್ಲಿ ಎಲ್ಲ ಶಿಕ್ಷಕರೂ ಲಾರ್ಸನ್‌ರಂತೆ ಒಪ್ಪಿಕೊಳ್ಳಲಾರರು ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಡಾ. ಬಾರ್ನ್ಸ್ ಪಾತ್ರ ಆ ಆಕ್ಷೇಪಕ್ಕೆ ಕಾದಂಬರಿಯೊಳಗಿನ ಉತ್ತರ. ಟೀಕೆಯನ್ನು ಅಪಾಯವೆಂದೇ ಕಾಣುವ ದೊಡ್ಡವರೂ ಇರುತ್ತಾರೆಂದು ಲೇಖಕರಿಗೆ ಗೊತ್ತು.

ತರಗತಿಗೆ ಬರುವ ಪಾಠ

ಶಾಲೆಯಲ್ಲಿ ಪತ್ರಿಕೆ ನಡೆಸುವ ಮಕ್ಕಳಿಗೂ ಅವರ ಬೆನ್ನಿಗಿರುವ ಶಿಕ್ಷಕರಿಗೂ ಈ ಕಾದಂಬರಿಯಿಂದ ಹೊರಡುವ ಸೂತ್ರಗಳು ಕೆಲವೇ. ಬರೆಯುವ ಮೊದಲು ಕಣ್ಣಾರೆ ನೋಡಬೇಕು ಅಥವಾ ನೋಡಿದವರನ್ನು ಕೇಳಬೇಕು. ಸುದ್ದಿಯನ್ನೂ ಅಭಿಪ್ರಾಯವನ್ನೂ ಒಂದೇ ಅಂಕಣದಲ್ಲಿ ಬೆರೆಸಬಾರದು. ಯಾರ ತಪ್ಪನ್ನು ಬರೆಯುತ್ತೇವೋ ಅವರ ಮಾತನ್ನೂ ಕೇಳಬೇಕು. ದುರ್ಬಲರ ಗುಟ್ಟು ಬಯಲಾಗದಂತೆ ಎಚ್ಚರ ವಹಿಸಬೇಕು. ಅಚ್ಚಿಗೆ ಕಳಿಸುವ ಮೊದಲು, ಇದನ್ನು ಯಾಕೆ ಬರೆದೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಬರೆದದ್ದಕ್ಕೆ ತಾನೇ ಹೊಣೆ ಹೊರಬೇಕು.

ದೊಡ್ಡವರಿಗೂ ಇದರಲ್ಲಿ ಪಾಲಿದೆ. ನಿಜ ಹೇಳು ಎಂದು ದಿನವೂ ಬೋಧಿಸುವ ಶಾಲೆ, ಆ ನಿಜ ತನ್ನ ಬಗ್ಗೆಯೇ ಬಂದಾಗ ಕೇಳಿಸಿಕೊಳ್ಳಲು ಸಿದ್ಧವಿರಬೇಕು. ಮಗು ಆಡಿದ ಟೀಕೆಯನ್ನು ಅವಿಧೇಯತೆಯ ಪಟ್ಟಿಗೆ ಸೇರಿಸಿಬಿಟ್ಟರೆ, ಅದು ನಿಜವೇ ಎಂದು ನೋಡುವ ಅವಕಾಶವೇ ತಪ್ಪಿಹೋಗುತ್ತದೆ. ಆ ಮಗುವೂ ಮುಂದೆ ಸುಮ್ಮನಿರುವುದನ್ನು ಕಲಿಯುತ್ತದೆ, ಇಲ್ಲವೇ ಬೆನ್ನ ಹಿಂದೆ ಆಡುವುದನ್ನು ಕಲಿಯುತ್ತದೆ. ಲಾರ್ಸನ್ ಮೇಷ್ಟರು ಹಾಳೆ ಹರಿದ ದಿನ ಕಾರಾ ಕಲಿಯಬಹುದಾಗಿದ್ದದ್ದು ಅದನ್ನೇ. ಅವರು ಮರಳಿ ಬಂದು ಅದೇ ಬರಹವನ್ನು ಚರ್ಚೆಗೆ ಎತ್ತಿಕೊಂಡದ್ದರಿಂದ, ಪರಿಶೀಲಿಸಿ ಬರೆಯುವುದನ್ನೂ ಎದುರು ನಿಂತು ಹೇಳುವುದನ್ನೂ ಹೇಳುವಾಗ ಎದುರಿನವರ ಮಾನ ಕಾಯುವುದನ್ನೂ ಇಡೀ ತರಗತಿ ಕಲಿಯಿತು. ಪ್ರಾಮಾಣಿಕತೆ ಬೆಳೆಯಲು ಹೇಳುವವರ ಧೈರ್ಯದಷ್ಟೇ ಕೇಳುವವರ ತಾಳ್ಮೆಯೂ ಬೇಕು ಎಂಬುದನ್ನು ‘ದಿ ಲ್ಯಾಂಡ್ರಿ ನ್ಯೂಸ್’ ಎಳೆಯರಿಗೂ ಹಿರಿಯರಿಗೂ ಒಂದೇ ಕಥೆಯಲ್ಲಿ ಮನಗಾಣಿಸುತ್ತದೆ.